ಹಳೆಯ 125 ಸಿಸಿ ಬೈಕು ಕೆಫೆ ರೇಸರ್ ಆದ ಬಗೆ: ಕೆಲಸದ ವಿವರ

ಹಳೆಯ ಬೈಕನ್ನು ತಗ್ಗಿದ ಹ್ಯಾಂಡಲ್, ಹಿಂದಕ್ಕೆ ಸರಿದ ಫುಟ್‌ರೆಸ್ಟುಗಳಿರುವ ರೇಸ್ ಬೈಕಿನಂಥ ಕೆಫೆ ರೇಸರ್ ಆಗಿ ಮಾಡುವ ಈ ಕೆಲಸಕ್ಕೆ ಆರಿಸಿಕೊಂಡದ್ದು ಹೋಂಡಾ ಸಿಜಿ 125, ಅದರಲ್ಲೂ 6 ವೋಲ್ಟ್ ವೈರಿಂಗ್ ಇದ್ದ ಆರಂಭದ ಮಾದರಿ. 1976ರಲ್ಲಿ ಮಾರುಕಟ್ಟೆಗೆ ಬಂದ ಈ ಬೈಕಿನ ಎಂಜಿನ್ 124 ಸಿಸಿಯದು. ಸಿಲಿಂಡರ್ ಒಂದೇ, ಬೋರ್ (ಸಿಲಿಂಡರಿನ ಒಳವ್ಯಾಸ) 56.5 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 49.5 ಮಿ.ಮೀ. ಆ ಹೊತ್ತಿಗಾಗಲೇ ಹೋಂಡಾದ ಸಣ್ಣ ಫೋರ್ ಸ್ಟ್ರೋಕ್ ಬೈಕುಗಳಲ್ಲಿ ಓವರ್‌ಹೆಡ್ ಕ್ಯಾಮ್ (ವಾಲ್ವ್ ತೆರೆಯುವ ಕ್ಯಾಮ್ ಸಿಲಿಂಡರಿನ ತಲೆಯಲ್ಲೇ ಇದ್ದು ಚೈನಿನಿಂದ ತಿರುಗುವ ವಿನ್ಯಾಸ) ರೂಢಿಗೆ ಬಂದಿದ್ದರೂ ಇದಕ್ಕೆ ಬೇಕೆಂದೇ ಪುಶ್‌ರಾಡ್ (ಕೆಳಗಿನ ಕ್ಯಾಮಿನಿಂದ ಉದ್ದ ಕಡ್ಡಿಗಳ ಮೂಲಕ ವಾಲ್ವ್ ತೆರೆಯುವ ವಿನ್ಯಾಸ) ಕೊಟ್ಟರು. ಆಯಿಲ್ ಬದಲಾವಣೆ ತಡವಾದರೂ, ನುರಿತ ಮೆಕ್ಯಾನಿಕ್ ಹತ್ತಿರದಲ್ಲಿ ಇಲ್ಲದಿದ್ದರೂ ಗಾಡಿ ಓಡುತ್ತಲೇ ಇರಬೇಕು ಎಂಬುದು ಅದರ ಹಿಂದಿನ ಲೆಕ್ಕಾಚಾರ. ಕ್ಯಾಮ್ ಚೈನ್ ಇಲ್ಲದ ಕಾರಣ ಅದು ಸಡಿಲವಾಗುವ, ಟೆನ್ಷನರ್ ಸವೆಯುವ ತಾಪತ್ರಯವೂ ಇಲ್ಲ. ಶಕ್ತಿ ಮಾತ್ರ ಸುಮಾರು 11 ಅಶ್ವಶಕ್ತಿಯಷ್ಟೆ, ಬೈಕಿನ ತೂಕ ನೂರು ಕಿಲೋ ಆಸುಪಾಸು.

1950 ಮತ್ತು 60ರ ದಶಕಗಳ ಬ್ರಿಟನ್ನಿನಲ್ಲಿ, ಲಂಡನ್ನಿನ ಏಸ್ ಕೆಫೆಯಂಥ ಜಾಗಗಳ ಸುತ್ತ ಬೆಳೆದ ಮೂಲ ಕೆಫೆ ರೇಸರ್‌ಗಳ ಗುರಿ ಗಂಟೆಗೆ 100 ಮೈಲಿ ವೇಗ. ನಾರ್ಟನ್ನಿನ ಫೆದರ್‌ಬೆಡ್ ಫ್ರೇಮಿಗೆ ಟ್ರಯಂಫ್ ಎಂಜಿನ್ ಕೂರಿಸಿ ‘ಟ್ರೈಟನ್’ ಮಾಡಿದವರು ಆ ವೇಗಕ್ಕಾಗಿಯೇ ಅಷ್ಟು ಕಷ್ಟಪಟ್ಟರು. 11 ಅಶ್ವಶಕ್ತಿಯ ಬೈಕು ಆ ಗುರಿಯ ಹತ್ತಿರವೂ ಸುಳಿಯುವುದಿಲ್ಲ. ಆದ್ದರಿಂದ ಎಂಜಿನ್ನಿನಿಂದ ಹೆಚ್ಚು ಶಕ್ತಿ ಹಿಂಡುವ ಯೋಚನೆಯನ್ನು ಆರಂಭದಲ್ಲೇ ಕೈಬಿಟ್ಟೆ. ಸಣ್ಣ ಬೈಕಿನಲ್ಲಿ ನಿಜವಾಗಿ ಬದಲಿಸಲು ಸಾಧ್ಯವಿರುವುದು ಸವಾರ ಕೂರುವ ಭಂಗಿ, ಹೊರುವ ತೂಕ ಮತ್ತು ಬ್ರೇಕಿನ ನಂಬಿಕೆ. ಇವು ಮೂರನ್ನೂ ಸುಧಾರಿಸಬೇಕು, ಹಾಗೆ ಮಾಡುವಾಗ ಫ್ರೇಮಿನ ಜ್ಯಾಮಿತಿಯನ್ನು ಕೆಡಿಸಬಾರದು ಎಂಬುದೇ ಇಡೀ ಕೆಲಸದುದ್ದಕ್ಕೂ ನಾನು ಹಿಡಿದ ನಿಯಮ.

ಬಿಚ್ಚುವ ಮೊದಲು ಬೈಕನ್ನು ಇದ್ದ ಸ್ಥಿತಿಯಲ್ಲೇ ಸ್ಟಾರ್ಟ್ ಮಾಡಿ, ಎಲ್ಲ ಗೇರುಗಳಲ್ಲೂ ಓಡಿಸಿ ನೋಡಿದೆ. ಎಂಜಿನ್ನಿನಲ್ಲಿ ದೋಷವಿದ್ದರೆ ಅದು ಬಣ್ಣ ಹಚ್ಚಿ ಮುಗಿಸಿದ ನಂತರ ಗೊತ್ತಾಗುವುದಕ್ಕಿಂತ ಈಗಲೇ ಗೊತ್ತಾಗುವುದು ಮೇಲು. ಮುಂದಿನ ಚಕ್ರವನ್ನು ನೆಲದಿಂದ ಎತ್ತಿ ಹ್ಯಾಂಡಲನ್ನು ನಿಧಾನವಾಗಿ ಎಡಕ್ಕೂ ಬಲಕ್ಕೂ ತಿರುಗಿಸಿದಾಗ ನೇರ ಸ್ಥಾನದಲ್ಲಿ ಸಣ್ಣದಾಗಿ ಹಿಡಿದು ನಿಂತ ಅನುಭವವಾಯಿತು. ಸ್ಟೀರಿಂಗ್ ಬೇರಿಂಗಿನ ಗುಂಡುಗಳು ಬಟ್ಟಲಿನಲ್ಲಿ ಕುಳಿ ಮಾಡಿಕೊಂಡಿದ್ದವು ಎಂಬುದಕ್ಕೆ ಇದೇ ಗುರುತು. ಹಿಂದಿನ ಚಕ್ರವನ್ನು ಅಕ್ಕಪಕ್ಕ ಎಳೆದಾಗ ಸ್ವಿಂಗ್ ಆರ್ಮಿನ ಬುಷ್‌ಗಳಲ್ಲಿ ಆಟವಿತ್ತು. ಎರಡು ಚಕ್ರಗಳ ಪಕ್ಕದಲ್ಲಿ ಉದ್ದನೆಯ ದಾರ ಎಳೆದು ಕಟ್ಟಿ ನೋಡಿದಾಗ ಫ್ರೇಮು ನೇರವಾಗಿಯೇ ಇತ್ತು. ಅದು ಬಾಗಿದ್ದರೆ ಈ ಬೈಕನ್ನು ಬಿಟ್ಟು ಬೇರೆಯದನ್ನು ಹುಡುಕುತ್ತಿದ್ದೆ.

ಬಿಚ್ಚುವಾಗ ಮುಖ್ಯವಾದ ಒಂದು ವಿಷಯ ಸ್ಕ್ರೂಡ್ರೈವರಿನದು. ಹಳೆಯ ಜಪಾನೀ ಬೈಕುಗಳ ಎಂಜಿನ್ ಕವರಿನಲ್ಲಿರುವ ಪ್ಲಸ್ ಗುರುತಿನ ಸ್ಕ್ರೂಗಳು ಫಿಲಿಪ್ಸ್ ಅಲ್ಲ, ಜಪಾನಿನ ಜೆಐಎಸ್ ಮಾನದಂಡದವು. ನೋಡಲು ಒಂದೇ ತರಹ ಕಂಡರೂ ಫಿಲಿಪ್ಸ್ ಮೊನೆ ಅದರಲ್ಲಿ ತಳದವರೆಗೆ ಕೂರುವುದಿಲ್ಲ. ಬಲ ಹಾಕಿದ ಕೂಡಲೇ ಮೇಲಕ್ಕೆ ಜಾರಿ ತಲೆಯನ್ನು ಕೊರೆದು ಹಾಕುತ್ತದೆ. ಜೆಐಎಸ್ ಮೊನೆಯನ್ನು ಇಂಪ್ಯಾಕ್ಟ್ ಡ್ರೈವರಿಗೆ ಹಾಕಿ, ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಸುತ್ತಿಗೆಯಿಂದ ಒಂದೇ ಗಟ್ಟಿ ಪೆಟ್ಟು ಕೊಟ್ಟರೆ ದಶಕಗಳಿಂದ ಕಚ್ಚಿಕೊಂಡಿದ್ದ ಸ್ಕ್ರೂ ಕೂಡ ಬಿಡುತ್ತದೆ. ಬಿಚ್ಚಿದ ಪ್ರತಿ ಭಾಗದ ಬೋಲ್ಟುಗಳನ್ನು ಬೇರೆ ಬೇರೆ ಚೀಲಕ್ಕೆ ಹಾಕಿ ಹೆಸರು ಬರೆದೆ, ವೈರು ಮತ್ತು ಕೇಬಲ್ ಹಾದುಹೋಗುವ ದಾರಿಯ ಫೋಟೊಗಳನ್ನು ಧಾರಾಳವಾಗಿ ತೆಗೆದುಕೊಂಡೆ.

ಎಂಜಿನ್ನನ್ನು ಪೂರ್ತಿ ಬಿಚ್ಚುವ ಅಗತ್ಯ ಬರಲಿಲ್ಲ. ಕ್ಲಚ್ ಕವರ್ ತೆಗೆದು, ಕ್ರ್ಯಾಂಕಿನ (ಪಿಸ್ಟನ್ನಿನಿಂದ ತಿರುಗುವ ಮುಖ್ಯ ಶಾಫ್ಟ್) ತುದಿಯಲ್ಲಿರುವ ಸೆಂಟ್ರಿಫ್ಯೂಗಲ್ ಆಯಿಲ್ ಫಿಲ್ಟರಿನ ಮುಚ್ಚಳ ಬಿಚ್ಚಿದಾಗ ಒಳಗೋಡೆಯ ಸುತ್ತಲೂ ಕಪ್ಪನೆಯ ಕೆಸರು ದಟ್ಟವಾಗಿ ಕೂತಿತ್ತು. ಮರದ ಚೂರಿನಿಂದ ಕೆರೆದಾಗ ಮೇಣದಂತೆ ಸುರುಳಿ ಸುರುಳಿಯಾಗಿ ಎದ್ದು ಬಂತು. ಈ ಫಿಲ್ಟರಿನಲ್ಲಿ ಕಾಗದದ ಎಲಿಮೆಂಟ್ ಇರುವುದಿಲ್ಲ. ಕ್ರ್ಯಾಂಕಿನ ಜೊತೆ ಅದೂ ತಿರುಗುವಾಗ ಆಯಿಲಿನಲ್ಲಿರುವ ಭಾರದ ಕಣಗಳು ಅಂಚಿಗೆ ಹೋಗಿ ಅಂಟಿಕೊಳ್ಳುತ್ತವೆ. ಬರೀ ಆಯಿಲ್ ಬದಲಿಸಿದರೆ ಅವು ಹೊರಬರುವುದಿಲ್ಲ, ಕವರ್ ತೆಗೆದೇ ತೊಳೆಯಬೇಕು. ವಾಲ್ವ್ ಕ್ಲಿಯರೆನ್ಸನ್ನು (ವಾಲ್ವಿನ ತುದಿಗೆ ಬಿಡಬೇಕಾದ ಸಣ್ಣ ಅಂತರ) ಎಂಜಿನ್ ತಣ್ಣಗಿರುವಾಗ ಇನ್ಲೆಟ್, ಎಕ್ಸಾಸ್ಟ್ ಎರಡೂ ಕಡೆ 0.08 ಮಿ.ಮೀ.ಗೆ ಹೊಂದಿಸಿದೆ.

ಟ್ಯಾಂಕಿನ ಒಳಗೆ ತುಕ್ಕು ಹಿಡಿದಿತ್ತು. ಆಮ್ಲ ಸುರಿದು ಬೇಗ ಮುಗಿಸುವ ಬದಲು ಎಲೆಕ್ಟ್ರಾಲಿಸಿಸ್ ಮಾಡಿದೆ: ಟ್ಯಾಂಕಿಗೆ ನೀರು ಮತ್ತು ವಾಷಿಂಗ್ ಸೋಡಾ ತುಂಬಿ, ಬ್ಯಾಟರಿ ಚಾರ್ಜರಿನ ನೆಗೆಟಿವ್ ತಂತಿಯನ್ನು ಟ್ಯಾಂಕಿಗೂ ಪಾಸಿಟಿವ್ ತಂತಿಯನ್ನು ಒಳಗೆ ಇಳಿಬಿಟ್ಟ ಸಾದಾ ಕಬ್ಬಿಣದ ಸರಳಿಗೂ ಜೋಡಿಸಿ, ಸರಳು ಟ್ಯಾಂಕಿಗೆ ಎಲ್ಲೂ ತಾಗದಂತೆ ರಬ್ಬರಿನಲ್ಲಿ ಹಿಡಿಸಿದೆ. ಈ ಸರಳು ಸ್ಟೇನ್‌ಲೆಸ್ ಸ್ಟೀಲಿನದಾಗಿರಲೇಬಾರದು, ಏಕೆಂದರೆ ಅದರಿಂದ ವಿಷಕಾರಿ ಕ್ರೋಮಿಯಂ ಸಂಯುಕ್ತಗಳು ನೀರಿಗೆ ಸೇರುತ್ತವೆ. ಹೈಡ್ರೋಜನ್ ಅನಿಲವೂ ಹೊರಬರುವುದರಿಂದ ಗಾಳಿಯಾಡುವ ಜಾಗದಲ್ಲಿ, ಕಿಡಿ ಇಲ್ಲದೆಡೆ ಇಡಬೇಕು. ಪೆಟ್ರೋಲ್ ತುಂಬುತ್ತಿದ್ದ ಟ್ಯಾಂಕಾದ್ದರಿಂದ ಮೊದಲು ಸೋಪಿನ ನೀರಿನಿಂದ ವಾಸನೆ ಹೋಗುವವರೆಗೆ ತೊಳೆದೆ. ಕೊನೆಗೆ ಚೆನ್ನಾಗಿ ಒಣಗಿಸಿ, ಮತ್ತೆ ತುಕ್ಕು ಏಳದಂತೆ ಒಳಗೆಲ್ಲ ಎಣ್ಣೆ ಹರಿಯುವ ಹಾಗೆ ತಿರುಗಿಸಿ ಇಟ್ಟೆ.

ಇನ್ನು ಫ್ರೇಮು. ಕೆಫೆ ರೇಸರಿನ ಅಂದ ನಿಂತಿರುವುದು ಒಂದು ಗೆರೆಯ ಮೇಲೆ: ಟ್ಯಾಂಕಿನ ತಳದ ಅಂಚು ಮತ್ತು ಸೀಟಿನ ತಳದ ಅಂಚು ಒಂದೇ ಸಾಲಿನಲ್ಲಿ, ನೆಲಕ್ಕೆ ಸಮಾನಾಂತರವಾಗಿ ಹೋಗಬೇಕು. ಈ ಬೈಕಿನ ಹಿಂಬದಿಯ ಪಟ್ಟಿಗಳು ಸೀಟಿನ ಕೆಳಗೆ ಮೇಲಕ್ಕೆ ಏರುತ್ತ ಹೋಗುವುದರಿಂದ ಗೆರೆ ಅಲ್ಲಿ ಮುರಿಯುತ್ತದೆ. ಹಾಗೆಂದು ಗ್ರೈಂಡರ್ ಹಿಡಿದು ಕಂಡಲ್ಲಿ ಕತ್ತರಿಸುವಂತಿಲ್ಲ. ಶಾಕ್ ಅಬ್ಸಾರ್ಬರಿನ ಮೇಲ್ತುದಿ ಜೋಡಣೆಯಾಗುವ ಜಾಗ ಹಿಂಬದಿಯ ಎಲ್ಲ ಭಾರವನ್ನೂ ಹೊರುತ್ತದೆ. ಅದನ್ನು ಮತ್ತು ಅದರ ಹಿಂದಿನ ಒಂದಿಷ್ಟು ಕೊಳವೆಯನ್ನು ಮುಟ್ಟದೆ, ಅದರಾಚೆಗೆ ಮಾತ್ರ ಕತ್ತರಿಸಿದೆ.

ಎಷ್ಟು ತಗ್ಗಿಸಬಹುದು ಎಂಬುದನ್ನು ಚಕ್ರವೇ ಹೇಳಬೇಕು. ಶಾಕ್ ಅಬ್ಸಾರ್ಬರಿನ ಸ್ಪ್ರಿಂಗುಗಳನ್ನು ಕಳಚಿ, ಬರೀ ದಂಡಗಳನ್ನು ಮತ್ತೆ ಜೋಡಿಸಿ, ಹಿಂದಿನ ಚಕ್ರವನ್ನು ರಬ್ಬರ್ ತಡೆಗೆ ತಾಗುವವರೆಗೆ ಜಾಕಿನಿಂದ ಎತ್ತಿದೆ. ಗುಂಡಿಯಲ್ಲಿ ಜೋರಾಗಿ ಇಳಿದಾಗ ಟೈರು ಬರುವ ಅತಿ ಎತ್ತರದ ಜಾಗ ಅದು. ಅಲ್ಲಿಂದ 25 ಮಿ.ಮೀ. ಅಂತರ ಬಿಟ್ಟು ಮಡ್‌ಗಾರ್ಡಿಗೆ, ಅದರ ಮೇಲೆ ಸೀಟಿನ ತಳಕ್ಕೆ ಗುರುತು ಹಾಕಿದೆ. ಗೆರೆ ಬೇಡುತ್ತಿದ್ದುದಕ್ಕಿಂತ ಟೈರು ಮೇಲೆ ಬರುತ್ತಿತ್ತು. ಹಾಗಾಗಿ ಹಿಂದಿನ ಯು ಆಕಾರದ ಲೂಪನ್ನು ತುದಿಯಲ್ಲಿ ತುಸು ಮೇಲಕ್ಕೆ ಬಾಗಿಸಿದ್ದನ್ನೇ ಆಯ್ದುಕೊಂಡೆ. ನೋಡುವವರ ಕಣ್ಣಿಗೆ ಆ ಬಾಗು ಶೈಲಿಯಂತೆ ಕಾಣುತ್ತದೆ, ಅದರ ನಿಜವಾದ ಕೆಲಸ ಟೈರಿಗೆ ಜಾಗ ಕೊಡುವುದು. ಲೂಪು ಚಂದ ಕಂಡಿತೆಂದು ಈ ಅಳತೆ ತೆಗೆಯದೆ ಬೆಸುಗೆ ಹಾಕಿದ ಬೈಕುಗಳಲ್ಲಿ ಟೈರು ಸೀಟಿನ ತಳವನ್ನು ಉಜ್ಜಿ ವೈರಿಂಗನ್ನು ಹರಿದು ಹಾಕುವುದುಂಟು.

ಲೂಪಿನ ಕೊಳವೆ ಮೂಲ ಕೊಳವೆಯಷ್ಟೇ ಹೊರವ್ಯಾಸದ್ದು, ಗೋಡೆಯ ದಪ್ಪ 2 ಮಿ.ಮೀ. ಎರಡು ಕೊಳವೆಗಳ ತುದಿಗಳನ್ನು ಬರೀ ಮುಖಕ್ಕೆ ಮುಖ ಇಟ್ಟು ಬೆಸೆದರೆ ಕಂಪನಕ್ಕೆ ಬೆಸುಗೆಯ ಪಕ್ಕದಲ್ಲೇ ಬಿರುಕು ಬಿಡುತ್ತದೆ. ಅದಕ್ಕಾಗಿ ಒಳಗೆ ಬಿಗಿಯಾಗಿ ಕೂರುವ ಉಕ್ಕಿನ ತುಂಡನ್ನು ಎರಡೂ ಕಡೆಗೆ 30 ಮಿ.ಮೀ. ಹೋಗುವಂತೆ ಸೇರಿಸಿ, ಹೊರ ಕೊಳವೆಯಲ್ಲಿ 8 ಮಿ.ಮೀ. ತೂತುಗಳನ್ನು ಕೊರೆದು ಅವುಗಳ ಮೂಲಕ ಒಳತುಂಡಿಗೆ ಬೆಸುಗೆ ತುಂಬಿಸಿ, ಕೊನೆಯಲ್ಲಿ ಸುತ್ತಿನ ಕೀಲನ್ನು ಮುಚ್ಚಿದೆ. ಒಂದೇ ಬದಿಯನ್ನು ಪೂರ್ತಿ ಮುಗಿಸಿದರೆ ಶಾಖಕ್ಕೆ ಲೂಪು ಆ ಕಡೆಗೆ ಎಳೆದುಕೊಳ್ಳುತ್ತದೆ. ಎಡಕ್ಕೊಂದು ಬಲಕ್ಕೊಂದು ಸಣ್ಣ ಬೆಸುಗೆ ಹಾಕುತ್ತ, ನಡುನಡುವೆ ಆರಲು ಬಿಟ್ಟು, ಶಾಕ್ ಜೋಡಣೆಯ ಜಾಗದಿಂದ ಲೂಪಿನ ತುದಿಯವರೆಗಿನ ದೂರವನ್ನು ಎರಡೂ ಕಡೆ ಅಳೆಯುತ್ತ ಹೋದೆ.

ಹ್ಯಾಂಡಲಿನ ವಿಷಯದಲ್ಲಿ ಬಹಳಷ್ಟು ಯೋಚಿಸಬೇಕಾಯಿತು. ಕೆಫೆ ರೇಸರ್ ಎಂದೊಡನೆ ಎಲ್ಲರಿಗೂ ನೆನಪಾಗುವುದು ಫೋರ್ಕಿನ ಕೊಳವೆಗೇ ಬಿಗಿಯುವ ಕ್ಲಿಪ್-ಆನ್. ಆದರೆ ಇಂಥ ಸಣ್ಣ ಬೈಕುಗಳಲ್ಲಿ ಫೋರ್ಕಿನ ತುದಿ ಮೇಲಿನ ಟಿ ಪ್ಲೇಟಿನ (ಎರಡು ಫೋರ್ಕ್ ಕೊಳವೆಗಳನ್ನು ಹಿಡಿದಿಡುವ ಪ್ಲೇಟು) ಮಟ್ಟದಲ್ಲೇ ನಿಲ್ಲುತ್ತದೆ. ಕ್ಲಿಪ್-ಆನ್ ಅನ್ನು ಪ್ಲೇಟಿನ ಮೇಲೆ ಹಾಕಬೇಕಾದರೆ ಫೋರ್ಕನ್ನು ಕನಿಷ್ಠ 25 ಮಿ.ಮೀ. ಮೇಲಕ್ಕೆ ಸರಿಸಬೇಕು, ಅಂದರೆ ಬೈಕಿನ ಮುಂಭಾಗ ಅಷ್ಟು ತಗ್ಗುತ್ತದೆ. ಎರಡು ಆಕ್ಸಲ್‌ಗಳ ನಡುವಿನ ಅಂತರ 1200 ಮಿ.ಮೀ. ಎಂದಿಟ್ಟುಕೊಂಡರೆ ಪ್ರತಿ 21 ಮಿ.ಮೀ. ತಗ್ಗಿಗೆ ಫೋರ್ಕಿನ ಕೋನ ಸುಮಾರು ಒಂದು ಡಿಗ್ರಿ ಕಡಿದಾಗುತ್ತದೆ, ಟ್ರೇಲ್ (ಸ್ಟೀರಿಂಗಿನ ಅಕ್ಷ ನೆಲ ಮುಟ್ಟುವ ಬಿಂದುವಿಗೂ ಅದರ ಹಿಂದೆ ಟೈರು ನೆಲ ತಾಗುವ ಬಿಂದುವಿಗೂ ನಡುವಿನ ದೂರ) ಸುಮಾರು 6 ಮಿ.ಮೀ. ಕಡಿಮೆಯಾಗುತ್ತದೆ. ಮುಂದಿನ ಚಕ್ರವನ್ನು ನೇರವಾಗಿ ಹಿಡಿದಿಡುವುದೇ ಆ ಟ್ರೇಲ್. ಹಗುರವಾದ ಬೈಕಿನಲ್ಲಿ ಅದು ಕಡಿಮೆಯಾದರೆ ಒರಟು ರಸ್ತೆಯಲ್ಲಿ ಹ್ಯಾಂಡಲು ಕೈಯಲ್ಲಿ ನಿಲ್ಲದೆ ಅಲುಗುತ್ತದೆ. ಹಿಂದೆ ಉದ್ದದ ಶಾಕ್ ಅಬ್ಸಾರ್ಬರ್ ಹಾಕಿದರೂ ಪರಿಣಾಮ ಇದೇ; ಎರಡನ್ನೂ ಒಟ್ಟಿಗೆ ಮಾಡಿದರೆ ತೊಂದರೆ ಇಮ್ಮಡಿ. ಕ್ಲಿಪ್-ಆನ್ ಅನ್ನು ಪ್ಲೇಟಿನ ಕೆಳಗೆ ಹಾಕಿದರೆ ಹೆಡ್‌ಲೈಟಿನ ಕಿವಿಗಳು ಅಡ್ಡ ಬರುತ್ತವೆ, ಹ್ಯಾಂಡಲ್ ಪೂರ್ತಿ ತಿರುಗಿಸಿದಾಗ ಹೆಬ್ಬೆರಳು ಟ್ಯಾಂಕಿಗೆ ಸಿಕ್ಕಿಕೊಳ್ಳುತ್ತದೆ.

ಇಷ್ಟೆಲ್ಲ ತೂಗಿ ನೋಡಿ ಕ್ಲಬ್‌ಮನ್ ಹ್ಯಾಂಡಲ್ ಹಾಕಿದೆ. ಅದು ಮೂಲ ಕ್ಲ್ಯಾಂಪಿನಲ್ಲೇ ಕೂತು, ಮುಂದಕ್ಕೆ ಹೋಗಿ ಕೆಳಕ್ಕೆ ಇಳಿದು ಹಿಂದಕ್ಕೆ ಬಾಗುತ್ತದೆ. ಕೈ ಬರುವ ಎತ್ತರ ಕ್ಲಿಪ್-ಆನ್‌ನಷ್ಟೇ, ಫೋರ್ಕಿಗೂ ಜ್ಯಾಮಿತಿಗೂ ಯಾವ ಬದಲಾವಣೆಯೂ ಇಲ್ಲ. ಹ್ಯಾಂಡಲ್ ತಗ್ಗಿದ್ದರಿಂದ ಕೇಬಲ್‌ಗಳು ಉದ್ದವಾಗಿ ಬಿಲ್ಲಿನಂತೆ ಬಾಗಿ ನಿಂತವು; ಕ್ಲಚ್ ಮತ್ತು ಬ್ರೇಕ್ ಕೇಬಲ್‌ಗಳನ್ನು ಮೊಟಕು ಮಾಡಿಸಿ, ಆಕ್ಸಿಲರೇಟರ್ ಕೇಬಲನ್ನು ಟ್ಯಾಂಕಿನ ಕೆಳಗೆ ಬೇರೆ ದಾರಿಯಲ್ಲಿ ಹಾಯಿಸಿದೆ. ನಂತರ ಎಂಜಿನ್ ಐಡಲ್‌ನಲ್ಲಿರುವಾಗ ಹ್ಯಾಂಡಲನ್ನು ಎಡತುದಿಯಿಂದ ಬಲತುದಿಗೆ ತಿರುಗಿಸಿ ಪರೀಕ್ಷಿಸಿದೆ. ತಿರುಗಿಸುವಾಗ ಎಂಜಿನ್ನಿನ ಸದ್ದು ಸ್ವಲ್ಪವೂ ಏರಬಾರದು. ಏರಿದರೆ ಕೇಬಲ್ ಎಲ್ಲೋ ಎಳೆಯುತ್ತಿದೆ ಎಂದರ್ಥ, ತಿರುವಿನಲ್ಲಿ ಅದು ಅಪಾಯಕಾರಿ.

ಕೈ ಮುಂದಕ್ಕೂ ಕೆಳಕ್ಕೂ ಹೋದರೆ ಕಾಲು ಹಿಂದಕ್ಕೆ ಹೋಗಲೇಬೇಕು. ಇಲ್ಲದಿದ್ದರೆ ಮೈಯ ಭಾರವೆಲ್ಲ ಮಣಿಕಟ್ಟಿನ ಮೇಲೆ ಬೀಳುತ್ತದೆ. ಸಿಜಿಯ ಫುಟ್‌ರೆಸ್ಟುಗಳು ಎಂಜಿನ್ ಕೆಳಗಿನ ಒಂದು ಅಡ್ಡಪಟ್ಟಿಗೆ ಬಿಗಿದಿರುತ್ತವೆ. ಹಿಂಬದಿ ಸವಾರನ ಫುಟ್‌ರೆಸ್ಟ್ ಇರುವ ಕಡೆಗೆ ಸುಮ್ಮನೆ ಕಾಲಿಡಬಹುದಲ್ಲ ಎಂಬ ಯೋಚನೆ ಬರುವುದು ಸಹಜ, ಆದರೆ ಹಲವು ಸಣ್ಣ ಬೈಕುಗಳಲ್ಲಿ ಅದು ಸ್ವಿಂಗ್ ಆರ್ಮಿಗೇ ಜೋಡಣೆಯಾಗಿದ್ದು ಚಕ್ರದ ಜೊತೆ ಮೇಲೆ ಕೆಳಗೆ ಆಡುತ್ತದೆ. ಸವಾರ ಭಾರ ಹಾಕಿ ಬ್ರೇಕ್ ಒತ್ತುವ ಜಾಗ ಹಾಗೆ ಆಡಬಾರದು. ಆದ್ದರಿಂದ ಸ್ವಿಂಗ್ ಆರ್ಮ್ ಪಿವೋಟಿನ ಮೇಲೆ ಫ್ರೇಮಿಗೆ ಉಕ್ಕಿನ ಕಿವಿಗಳನ್ನು ಬೆಸೆದು, ಅವುಗಳಿಗೆ 8 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಪ್ಲೇಟುಗಳನ್ನು ಬೋಲ್ಟ್ ಮಾಡಿದೆ. ಮೊದಲು ರಟ್ಟಿನಲ್ಲಿ ಕತ್ತರಿಸಿ, ಬೈಕಿನ ಮೇಲೆ ಕೂತು, ಮಂಡಿಯ ಕೋನ ಸರಿಯೆನಿಸುವವರೆಗೆ ಹಿಂದೆ ಮುಂದೆ ಸರಿಸಿ ನೋಡಿದ ನಂತರವೇ ಲೋಹಕ್ಕೆ ಕೈಹಾಕಿದ್ದು.

ಈ ಬೈಕಿಗೆ ಕಿಕ್ ಬಿಟ್ಟು ಬೇರೆ ಸ್ಟಾರ್ಟಿಂಗ್ ಇಲ್ಲ. ಕಿಕ್ಕರ್ ಕೆಳಗಿಳಿಯುವ ದಾರಿಯಲ್ಲೇ ಬಲಗಡೆಯ ಹೊಸ ಫುಟ್‌ರೆಸ್ಟ್ ಬರುತ್ತಿದ್ದುದರಿಂದ ಅಲ್ಲಿ ಮಡಚುವ ಫುಟ್‌ರೆಸ್ಟ್ ಹಾಕಿ, ಮಡಚಿದಾಗ ಕಿಕ್ಕರ್ ತಳದವರೆಗೆ ತಡೆಯಿಲ್ಲದೆ ಇಳಿಯುವಂತೆ ಪ್ಲೇಟಿನ ಅಂಚನ್ನು ಕತ್ತರಿಸಿದೆ. ಎಡಗಡೆ ಗೇರ್ ಲಿವರಿಗೆ ಒಂದು ಕಡೆ ಬಲಮರೆ, ಇನ್ನೊಂದು ಕಡೆ ಎಡಮರೆ ಇರುವ ದಂಡ ಬಳಸಿದ್ದರಿಂದ ಬಿಚ್ಚದೆಯೇ ಉದ್ದ ಹೊಂದಿಸಬಹುದು. ಗೇರ್ ಶಾಫ್ಟಿನ ಮೇಲಿನ ತೋಳು ಮತ್ತು ಹೊಸ ಲಿವರಿನ ತೋಳು ಒಂದೇ ಉದ್ದದ್ದಾಗಿ, ಒಂದೇ ದಿಕ್ಕಿಗೆ ಮುಖ ಮಾಡಿರಬೇಕು; ಒಂದು ಮೇಲಕ್ಕೆ ಇನ್ನೊಂದು ಕೆಳಕ್ಕೆ ಇದ್ದರೆ ಗೇರುಗಳು ತಿರುವುಮುರುವಾಗುತ್ತವೆ. ಹಿಂದಿನ ಬ್ರೇಕಿನ ದಂಡವನ್ನು ಮೊಟಕು ಮಾಡುವಾಗ, ಬ್ರೇಕ್ ಶೂ ಡ್ರಮ್ಮಿಗೆ ತಾಗುವ ಹೊತ್ತಿಗೆ ಡ್ರಮ್ಮಿನ ಮೇಲಿನ ತೋಳು ದಂಡಕ್ಕೆ ಸುಮಾರು 90 ಡಿಗ್ರಿಯಲ್ಲಿ ಬರುವಂತೆ ಕೂರಿಸಿದೆ. ಕಾಲಿನ ಬಲ ಅತಿ ಹೆಚ್ಚು ತಲುಪುವುದು ಆ ಕೋನದಲ್ಲಿ.

ಮುಂದಿನ ಡ್ರಮ್ ಬ್ರೇಕನ್ನು ತೆಗೆದು ಡಿಸ್ಕ್ ಹಾಕಬೇಕೆಂಬ ಒತ್ತಾಯ ನನಗೆ ಇರಲಿಲ್ಲ. ಇಷ್ಟು ಹಗುರ ಬೈಕಿಗೆ ಸುಸ್ಥಿತಿಯಲ್ಲಿರುವ ಡ್ರಮ್ಮೇ ಸಾಕು, ಆದರೆ ಅದು ನಿಜವಾಗಿಯೂ ಸುಸ್ಥಿತಿಯಲ್ಲಿರಬೇಕು. ಹಳೆಯ ಶೂಗಳ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರಬಹುದಾದ್ದರಿಂದ ಡ್ರಮ್ಮಿನ ಧೂಳನ್ನು ಗಾಳಿಯಿಂದ ಊದದೆ, ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆದೆ. ಹೊಸ ಶೂಗಳ ಮುಂಚೂಣಿ ಅಂಚನ್ನು ಅರದಿಂದ ಸ್ವಲ್ಪ ಓರೆ ಮಾಡಿದ್ದರಿಂದ ಕಿರುಗುಟ್ಟುವಿಕೆ ಇಲ್ಲ. ಕ್ಯಾಮ್ ಪಿನ್ನಿಗೆ ತೆಳುವಾಗಿ ಗ್ರೀಸು ಸವರಿ, ಹೊಸ ಕೇಬಲ್ ಹಾಕಿ, ಆಕ್ಸಲ್ ನಟ್ಟನ್ನು ಬ್ರೇಕ್ ಹಿಡಿದುಕೊಂಡೇ ಬಿಗಿದೆ. ಹೀಗೆ ಮಾಡಿದಾಗ ಪ್ಲೇಟು ಡ್ರಮ್ಮಿನ ನಡುವಿಗೆ ತಾನೇ ಬಂದು ಕೂರುತ್ತದೆ.

ಟೈರುಗಳ ಅಗಲದಲ್ಲಿ ಸಂಯಮ ಬೇಕು. ಸಣ್ಣ ರಿಮ್ಮಿಗೆ ದಪ್ಪ ಟೈರು ಹಾಕಿದರೆ ಬದಿಗಳು ಒಳಕ್ಕೆ ಎಳೆದುಕೊಂಡು ಟೈರಿನ ದುಂಡು ಕೆಡುತ್ತದೆ, ಬಾಗಿಸುವಾಗ ಬೈಕು ತಟ್ಟನೆ ಬೀಳುವಂತೆ ಆಡುತ್ತದೆ, ಚೈನಿಗೂ ಸ್ವಿಂಗ್ ಆರ್ಮಿಗೂ ಉಜ್ಜುತ್ತದೆ. ಅಳತೆ ಬದಲಿಸದೆ ಟೈರು ಮಾತ್ರ ಹೊಸದು ಹಾಕಿ, ತುಕ್ಕು ಹಿಡಿದ ಕಡ್ಡಿಗಳನ್ನು ಬದಲಿಸಿ ರಿಮ್ಮಿನ ಓಲಾಟವನ್ನು 1 ಮಿ.ಮೀ. ಒಳಗೆ ತಂದೆ. ಸಿಜಿಯ ಚೈನನ್ನು ಪೂರ್ತಿ ಮುಚ್ಚುವ ಡಬ್ಬಿಯನ್ನು ಕೆಫೆ ರೇಸರ್ ಮಾಡುವವರೆಲ್ಲ ಮೊದಲು ಕಿತ್ತು ಹಾಕುತ್ತಾರೆ. ನಾನೂ ತೆಗೆದೆ, ಮನಸ್ಸಿಲ್ಲದೆ. ಧೂಳು ನೀರು ತಾಗದೆ ಚೈನು ಬಹುಕಾಲ ಬಾಳುತ್ತಿದ್ದುದು ಅದರಿಂದಲೇ. ಅದು ಹೋದ ಮೇಲೆ ಚೈನಿಗೆ ಎಣ್ಣೆ ಹಾಕುವ ಕೆಲಸ ಸವಾರನ ಪಾಲಿಗೆ ಬರುತ್ತದೆ, ಬಟ್ಟೆ ಸಿಕ್ಕಿಕೊಳ್ಳದಂತೆ ಮೇಲ್ಭಾಗಕ್ಕೊಂದು ಗಾರ್ಡಾದರೂ ಇರಬೇಕು.

ವೈರಿಂಗನ್ನು 12 ವೋಲ್ಟಿಗೆ ಬದಲಿಸಿದ್ದಕ್ಕೆ ಕಾರಣ ಸರಳ. 35 ವಾಟ್ ಬಲ್ಬು 6 ವೋಲ್ಟಿನಲ್ಲಿ ಹತ್ತಿರ ಹತ್ತಿರ 6 ಆಂಪಿಯರ್ ಎಳೆಯುತ್ತದೆ, 12 ವೋಲ್ಟಿನಲ್ಲಿ 3 ಆಂಪಿಯರಿಗಿಂತ ಕಡಿಮೆ. ಹಳೆಯ ಸ್ವಿಚ್ಚು, ಸವೆದ ಕನೆಕ್ಟರುಗಳಲ್ಲಿ ನಷ್ಟವಾಗುವ ವೋಲ್ಟೇಜು ಅಷ್ಟರ ಮಟ್ಟಿಗೆ ಇಳಿಯುತ್ತದೆ. ವಿದ್ಯುತ್ ಉತ್ಪಾದಿಸುವ 12 ವೋಲ್ಟಿನ ಸ್ಟೇಟರ್ ಮತ್ತು ಫ್ಲೈವೀಲ್ ಜೋಡಿಯನ್ನು ಹಾಕುವ ಮೊದಲು ಕ್ರ್ಯಾಂಕಿನ ಟೇಪರಿಗೆ (ಕೋನಾಕಾರದ ತುದಿಗೆ) ಗುರುತಿನ ನೀಲಿ ಬಣ್ಣ ಸವರಿ, ಫ್ಲೈವೀಲ್ ಒತ್ತಿ ತಿರುಗಿಸಿ ತೆಗೆದು, ಬಣ್ಣ ಸುತ್ತಲೂ ಸಮನಾಗಿ ಅಂಟಿದ್ದನ್ನು ನೋಡಿ ಖಚಿತಪಡಿಸಿಕೊಂಡೆ. ಅಂಚಿನಲ್ಲಿ ಮಾತ್ರ ಅಂಟಿದರೆ ಅದನ್ನು ಬಳಸಲಾಗದು. ಓಡುವಾಗ ಸಡಿಲವಾಗಿ, ಫ್ಲೈವೀಲನ್ನು ಸರಿಯಾದ ಸ್ಥಾನದಲ್ಲಿ ಕೂರಿಸುವ ಕೀ (ಸಣ್ಣ ಲೋಹದ ತುಂಡು) ಕತ್ತರಿಸುತ್ತದೆ. ಪುಟ್ಟ ಸೀಲ್ಡ್ ಬ್ಯಾಟರಿ ಸೀಟಿನ ಗುಬುಟಿನೊಳಗೆ ಸೇರಿತು. ಮುಖ್ಯ ವೈರಿಗೆ 10 ಆಂಪಿಯರ್ ಫ್ಯೂಸ್ ಇದೆ, ಅರ್ತಿಂಗ್ ತಂತಿಯನ್ನು ಫ್ರೇಮಿನ ಬಣ್ಣ ಕೆರೆದ ಜಾಗಕ್ಕೆ ಬಿಗಿದಿದೆ. ಮಧ್ಯಮ ವೇಗದಲ್ಲಿ ಬ್ಯಾಟರಿಯ ತುದಿಗಳಲ್ಲಿ ಮೀಟರು 14 ವೋಲ್ಟಿನ ಸುತ್ತಮುತ್ತ ತೋರಿಸಿತು.

ಏರ್ ಬಾಕ್ಸ್ ಕಿತ್ತು ಕಾರ್ಬೊರೇಟರಿಗೆ ನೇರವಾಗಿ ಕೋನ್ ಫಿಲ್ಟರ್ ಸಿಕ್ಕಿಸಿದರೆ ಸೀಟಿನ ಕೆಳಗಿನ ತ್ರಿಕೋನ ಖಾಲಿಯಾಗಿ ಫೋಟೊದಲ್ಲಿ ಬಹಳ ಚಂದ ಕಾಣುತ್ತದೆ. ನಾನು ಅದನ್ನು ಒಪ್ಪಲಿಲ್ಲ. ಆ ಡಬ್ಬಿಯ ಗಾತ್ರ, ಅದರ ಕೊಳವೆಯ ಉದ್ದ ಎಲ್ಲವೂ ಈ ಕಾರ್ಬೊರೇಟರಿನ ಜೆಟ್ಟುಗಳಿಗೆ (ಪೆಟ್ರೋಲ್ ಹರಿವನ್ನು ಅಳೆಯುವ ಸಣ್ಣ ರಂಧ್ರಗಳು) ಹೊಂದಿಸಿದವು. ತೆಗೆದರೆ ಮಿಶ್ರಣ ತೆಳುವಾಗಿ ಎಂಜಿನ್ ಬಿಸಿಯಾಗುತ್ತದೆ, ಮಧ್ಯಮ ವೇಗದಲ್ಲಿ ತಡವರಿಸುತ್ತದೆ, ಮಳೆಯಲ್ಲಿ ನೀರು ಎಳೆದುಕೊಳ್ಳುತ್ತದೆ. 11 ಅಶ್ವಶಕ್ತಿಯಲ್ಲಿ ಕಳೆದುಕೊಳ್ಳಲು ಏನೂ ಉಳಿದಿಲ್ಲ. ಡಬ್ಬಿಗೆ ಕಪ್ಪು ಬಣ್ಣ ಹೊಡೆದು ಅಲ್ಲೇ ಉಳಿಸಿದೆ. ಬ್ಯಾಫಲ್ ಇರುವ ಗಿಡ್ಡ ಸೈಲೆನ್ಸರ್ ಹಾಕಿದ ನಂತರ ಆಕ್ಸಿಲರೇಟರ್ ಪೂರ್ತಿ ತೆರೆದು ಓಡಿಸಿ, ಕ್ಲಚ್ ಹಿಡಿದು ಅಲ್ಲೇ ಎಂಜಿನ್ ಆರಿಸಿ ಪ್ಲಗ್ ತೆಗೆದು ನೋಡಿದಾಗ ಪಿಂಗಾಣಿ ಬಿಳಿಚಿಕೊಂಡಿತ್ತು. ಮೇನ್ ಜೆಟ್ಟನ್ನು ಒಂದು ಅಳತೆ ದೊಡ್ಡದು ಹಾಕಿದ ಮೇಲೆ ಅದು ತೆಳು ಕಂದು ಬಣ್ಣಕ್ಕೆ ಬಂತು. ಆಕ್ಸಿಲರೇಟರ್ ಬಿಟ್ಟಾಗ ಕೇಳಿಬರುತ್ತಿದ್ದ ಪಟಪಟ ಸದ್ದಿಗೆ ಕಾರಣ ಜೆಟ್ ಅಲ್ಲ. ಎಕ್ಸಾಸ್ಟ್ ಪೋರ್ಟಿನ ಗ್ಯಾಸ್ಕೆಟ್ ಹೊಸದು ಹಾಕಿ ಸೋರಿಕೆ ನಿಂತ ಕೂಡಲೇ ಅದೂ ನಿಂತಿತು.

ಬಣ್ಣದ ಬಗ್ಗೆ ಹೇಳಬೇಕಾದ್ದು ಇಷ್ಟೇ: ಟ್ಯಾಂಕಿಗೆ ಸಾಮಾನ್ಯ ಸ್ಪ್ರೇ ಲ್ಯಾಕರ್ ಹೊಡೆದರೆ ಪೆಟ್ರೋಲ್ ಚೆಲ್ಲಿದ ಕಡೆ ಮೆತ್ತಗಾಗಿ ಏಳುತ್ತದೆ. ಹಾರ್ಡನರ್ ಬೆರೆಸುವ 2ಕೆ (ಎರಡು ಭಾಗಗಳ) ಪಾರದರ್ಶಕ ಲೇಪನ ಪೆಟ್ರೋಲನ್ನು ತಡೆಯುತ್ತದೆ, ಆದರೆ ಅದರಲ್ಲಿರುವ ಐಸೊಸಯನೇಟ್ ಶ್ವಾಸಕೋಶಕ್ಕೆ ತೀರಾ ಹಾನಿಕರ. ಹೊರಗಿನ ಗಾಳಿ ಪೂರೈಸುವ ಮುಖವಾಡವಿರುವ ಪೇಂಟರಿಗೆ ಆ ಕೆಲಸವನ್ನು ಒಪ್ಪಿಸಿದೆ. ಫ್ರೇಮಿಗೆ ಪೌಡರ್ ಕೋಟಿಂಗ್ ಕೊಡುವಾಗ ಬೇರಿಂಗ್ ಕೂರುವ ಜಾಗ, ಮರೆಗಳು ಮತ್ತು ಫ್ರೇಮ್ ನಂಬರನ್ನು ಮುಚ್ಚಿಸಿದೆ.

ರಸ್ತೆಗಿಳಿದ ಮೇಲೆ ಒಂದೇ ಸಿಲಿಂಡರಿನ ಕಂಪನ ತನ್ನ ಕೆಲಸ ತೋರಿಸಿತು. ಸೀಟಿನ ಬೋಲ್ಟುಗಳು, ಹಿಂದಿನ ದೀಪದ ಬ್ರಾಕೆಟ್ ಸಡಿಲಾಗಿದ್ದವು. ಅವುಗಳಿಗೆ ನೈಲಾನ್ ಲಾಕ್ ನಟ್ಟು ಬಂತು. ಫುಟ್‌ರೆಸ್ಟ್ ಪ್ಲೇಟಿನ 8 ಮಿ.ಮೀ. ಬೋಲ್ಟುಗಳಿಗೆ ಥ್ರೆಡ್ ಲಾಕ್ ಹಚ್ಚಿ ಟಾರ್ಕ್ ರೆಂಚಿನಲ್ಲಿ 22 ನ್ಯೂಟನ್ ಮೀಟರಿಗೆ ಬಿಗಿದೆ. ಹೊಸ ಕಡ್ಡಿಗಳು ಹೊಂದಿಕೊಂಡು ಸಡಿಲಗೊಂಡದ್ದನ್ನು ಸ್ಪ್ಯಾನರಿನಿಂದ ತಟ್ಟಿ, ಮಂಕಾಗಿ ದನಿ ಬಂದವನ್ನಷ್ಟೇ ಬಿಗಿದು ರಿಮ್ಮನ್ನು ಮತ್ತೊಮ್ಮೆ ನೇರ ಮಾಡಿದೆ. ಹೊಸ ಕೇಬಲ್ ಎಳೆದುಕೊಂಡು ಮುಂದಿನ ಬ್ರೇಕ್ ಲಿವರಿನ ಆಟ ಹೆಚ್ಚಾಗಿತ್ತು, ಅದನ್ನು ಸರಿಪಡಿಸಿದೆ. ಮಡ್‌ಗಾರ್ಡಿನ ಒಳಭಾಗಕ್ಕೆ ಹಚ್ಚಿಟ್ಟಿದ್ದ ಸೀಮೆಸುಣ್ಣ, ಭಾರ ಹೇರಿ ಉಬ್ಬುತಗ್ಗಿನ ರಸ್ತೆಯಲ್ಲಿ ಓಡಿಸಿ ಬಂದ ನಂತರವೂ ಎಲ್ಲೂ ಉಜ್ಜಿರಲಿಲ್ಲ.